ಬೀಗವಿಲ್ಲದ ಪುಟ

ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಹೊಲಿಗೆ ಟೀಚರ್ ಆರು ಮಷೀನಿಟ್ಟುಕೊಂಡು ಕ್ಲಾಸು ನಡೆಸುತ್ತಾರೆ. ಗಂಡ ತೀರಿಕೊಂಡ ವರ್ಷ ಶುರು ಮಾಡಿದ್ದು, ಇಪ್ಪತ್ತೆರಡು ವರ್ಷವಾಯಿತು. ಬಾಯಿ ಸ್ವಲ್ಪ ಜೋರು. ಯಾರದಾದರೂ ಕಂಕುಳ ಹೊಲಿಗೆ ಸಡಿಲವಾಗಿದ್ದರೆ, "ಇದನ್ನ ಹಾಕ್ಕೊಂಡು ಕೈ ಎತ್ತಿದರೆ ಬಸ್ಸು ನಿಲ್ಲಲ್ಲಮ್ಮ, ಹೊಲಿಗೆ ಬಿಡುತ್ತೆ ಅಷ್ಟೆ" ಎನ್ನುವರು.

ಕ್ಲಾಸಿಗೊಂದು ವೆಬ್‌ಸೈಟ್ ಮಾಡಿಕೊಟ್ಟವನು ಅವರ ತಮ್ಮ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಕ್ಲಾಸಿನ ಸಮಯ, ನಾಲ್ಕು ಫೋಟೊ, ಕೆಳಗೆ 'ನಮಗೆ ಬರೆಯಿರಿ' ಎಂದು ಒಂದು ಖಾಲಿ ಚೌಕ. ಕಲಿಯಲು ಬರುತ್ತಿದ್ದ ನರ್ಸ್ ಒಬ್ಬಳು ಒಂದು ದಿನ ಫೋನ್ ತೋರಿಸಿದಳು. ವಿಳಾಸದ ಪಕ್ಕದಲ್ಲಿ 'ಸುರಕ್ಷಿತವಲ್ಲ' ಎಂದಿತ್ತು. ಟೀಚರ್ ತಮ್ಮನನ್ನು ಕೇಳಿದರು.

"ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಇಲ್ಲ ಅಂದ್ರೆ ಹಾಗೆ ಬರುತ್ತೆ ಅಕ್ಕ. ಅದಿದ್ರೆ ಬರೆದಿದ್ದನ್ನ ದಾರೀಲಿ ಯಾರೂ ಓದೋಕಾಗಲ್ಲ. ನಾವೇನು ದುಡ್ಡು ತಗೋತೀವಾ, ಪಾಸ್‌ವರ್ಡ್ ಕೇಳ್ತೀವಾ? ಅದೆಲ್ಲ ಬ್ಯಾಂಕಿನವರಿಗೆ."

"ಆದ್ರೂ ಹಾಕಿಬಿಡೋ. ನೋಡೋಕೆ ಒಂಥರಾ ಇದೆ."

"ಹಾಕೋಣ ಬಿಡು, ಅರ್ಜೆಂಟೇನು?"

ಟೀಚರ್‌ಗೂ ಹೌದೆನಿಸಿತು. ಕಾಜ ಹೊಲಿಯುವುದು ಹೇಗೆಂದು ಕೇಳುವವರ ಪತ್ರ ಕದ್ದು ಓದಿ ಯಾರಿಗೇನಾಗಬೇಕು?

ಮೂರು ವಾರದ ನಂತರ ಆ ಚೌಕದಿಂದ ಒಂದು ಸಂದೇಶ ಬಂತು. ಹೆಸರಿನ ಜಾಗದಲ್ಲಿ ಒಂದೇ ಅಕ್ಷರ. "ಟೀಚರ್, ಸೋಮವಾರ ಹನ್ನೊಂದಕ್ಕೆ ಬರ್ತೀನಿ. ಹೊಲಿಗೆ ಕಲಿತು ಮಗಳನ್ನ ಕರ್ಕೊಂಡು ಬೇರೆ ಹೋಗ್ಬೇಕು. ನಮ್ಮನೆಯವರಿಗೆ ಗೊತ್ತಾಗಬಾರದು. ದಯವಿಟ್ಟು ಉತ್ತರ ಬರೀಬೇಡಿ."

ಟೀಚರ್ ಬರೆಯಲಿಲ್ಲ. ಒಂದು ಮಷೀನಿಗೆ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿಟ್ಟರು.

ಸೋಮವಾರ ಹನ್ನೊಂದಕ್ಕೆ ಮೆಟ್ಟಿಲು ಹತ್ತಿ ಬಂದವನು ಒಬ್ಬ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ಜೇಬಿನಿಂದ ಕಾಗದ ತೆಗೆದು ಕತ್ತರಿಸುವ ಮೇಜಿನ ಮೇಲೆ ಬಿಡಿಸಿದ. ಅವಳು ಬರೆದ ಮಾತುಗಳೇ, ಒಂದಕ್ಷರವೂ ಆಚೀಚೆಯಾಗದೆ ಪ್ರಿಂಟಾಗಿದ್ದವು.

"ನನ್ನ ಹೆಂಡತಿ ಬರಲ್ಲ ಮೇಡಂ. ಸುಮ್ನೆ ಕಾಯ್ತೀರಲ್ಲ, ಹೇಳಿ ಹೋಗೋಣ ಅಂತ ಬಂದೆ."

"ಇದು ನಿಮಗೆ ಹೇಗೆ ಸಿಕ್ತು?"

"ನೆಟ್‌ವರ್ಕ್ ನೋಡ್ಕೊಳ್ಳೋದೇ ನನ್ನ ಕೆಲಸ. ಮನೆ ವೈಫೈಯಲ್ಲಿ ಏನು ಹೋಗುತ್ತೆ ಅಂತ ನೋಡ್ತಾ ಇರ್ತೀನಿ. ಬೇರೆ ಸೈಟ್‌ಗಳದ್ದು ಓದೋಕಾಗಲ್ಲ. ನಿಮ್ಮದು ಬಾಗಿಲು ತೆರೆದೇ ಇತ್ತು. ಥ್ಯಾಂಕ್ಸ್."

ಮೊದಲಿನಂತೆಯೇ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಇಳಿದುಹೋದ. ಅವಳು ಹೇಗಿದ್ದಾಳೆ ಎಂಬ ಪ್ರಶ್ನೆ ಟೀಚರ್ ನಾಲಿಗೆಗೆ ಬರುವಷ್ಟರಲ್ಲಿ ಬೀದಿಯಲ್ಲಿ ಸ್ಕೂಟರ್ ಹೊರಟಾಗಿತ್ತು.

ಪೊಲೀಸ್ ಠಾಣೆಗೆ ಓಡಿದರು. ಹೆಸರು? ಗೊತ್ತಿಲ್ಲ. ವಿಳಾಸ? ಗೊತ್ತಿಲ್ಲ. ಗಾಡಿ ನಂಬರ್? ನೋಡಲಿಲ್ಲ. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. "ಏನಂತ ಹುಡುಕೋಣ ಹೇಳಿ ಅಮ್ಮ?"

ಸಂಜೆ ತಮ್ಮ ಬಂದು ಸರ್ಟಿಫಿಕೇಟ್ ಹಾಕಿದ. ಪುಕ್ಕಟೆಯಾಗಿ ಸಿಗುವಂಥದ್ದೇ. ಇಪ್ಪತ್ತು ನಿಮಿಷ ಹಿಡಿಯಿತು.

"ಇಷ್ಟೇನಾ?"

"ಇಷ್ಟೇ ಅಕ್ಕ." ಅವನು ತಲೆ ಎತ್ತಲಿಲ್ಲ.

ಅವಳ ಮುಖವನ್ನು ಒಂದು ಸಲ ಕಂಡಿದ್ದರೆ ಟೀಚರ್ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದರೇನೋ. ಕಾಣದ್ದರಿಂದ ಅವಳು ಎಲ್ಲ ಕಡೆಯೂ ಇದ್ದಾಳೆ. ಮಗಳ ಕೈ ಹಿಡಿದು ರಸ್ತೆ ದಾಟುವವಳು ಅವಳಿರಬಹುದು. ಬಸ್ಸಿನಲ್ಲಿ ಮುಖ ತಿರುಗಿಸಿ ಕೂತವಳು ಅವಳಿರಬಹುದು. ಅವನ ಮುಖ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಎರಡು ಸಲ ಮಾರುಕಟ್ಟೆಯಲ್ಲಿ ಅವನೇ ಎಂದು ಯಾರದೋ ಬೆನ್ನುಹತ್ತಿ ಹೋಗಿ ಪೆಚ್ಚಾದರು. ಆ ವಾರದ ಪತ್ರಿಕೆಗಳನ್ನು ಒಂದೊಂದು ಸಾಲೂ ಬಿಡದೆ ಓದಿದರು. ಏನೂ ಇರಲಿಲ್ಲ. ಏನೂ ಇಲ್ಲವೆಂಬುದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದೂ ತಿಳಿಯಲಿಲ್ಲ.

ಇನ್ನೊಂದು ಯೋಚನೆಯೂ ಕೊರೆಯಿತು. ದಾರಿಗೆ ಬೀಗ ಬಿತ್ತು, ಸರಿ. ಬರೆಯುವವಳ ಫೋನೇ ಗಂಡನ ಕೈಯಲ್ಲಿದ್ದರೆ? ತಮ್ಮನಿಗೆ ಹೇಳಿ ಆ ಚೌಕವನ್ನೇ ತೆಗೆಸಿದರು. ಆ ಜಾಗದಲ್ಲಿ ಈಗ ಇಷ್ಟೇ ಇದೆ: 'ಬರೆಯುವುದು ಬೇಡ. ನೇರವಾಗಿ ಬನ್ನಿ. ಹೆಸರು ಕೇಳುವುದಿಲ್ಲ.'

ಬರುತ್ತಾರೆ. ಹಾಗೆ ಬಂದ ಮೂವರು ಈಗ ಸಿದ್ಧ ಉಡುಪಿನ ಅಂಗಡಿಗೆ ಹೊಲಿದುಕೊಡುತ್ತಾರೆ. ಮೊನ್ನೆ ಬಂದವಳೊಬ್ಬಳು ಬಾಗಿಲಲ್ಲೇ ಅನುಮಾನದಿಂದ ನಿಂತಳು.

"ಯಾಕೆ ಟೀಚರ್, ನನ್ನನ್ನ ಹಾಗೆ ನೋಡ್ತಿದ್ದೀರಿ?"

"ಏನಿಲ್ಲ ಬಾ. ಮಗಳಿದ್ದಾಳಾ ನಿನಗೆ?"

"ಇಲ್ಲ, ಇಬ್ಬರು ಗಂಡುಮಕ್ಕಳು."

"ಸರಿ, ಕೂತ್ಕೋ" ಎಂದು ಟೀಚರ್ ಅಳತೆ ಟೇಪು ಎತ್ತಿಕೊಂಡರು.