ಎದುರಂಗಡಿಯವಳ ಹುಬ್ಬು

ದಾರದಕ್ಕನ ಪಾರ್ಲರಿಗೆ ಹೊಸದಾಗಿ ಬಂದವರು ಮೊದಲು ಬೆರಗಾಗುತ್ತಿದ್ದುದು ಅಲ್ಲಿನ ಕಪಾಟು ನೋಡಿ. ಬೇರೆ ಪಾರ್ಲರುಗಳಲ್ಲಿ ಬಣ್ಣಬಣ್ಣದ ತುಂಬಿದ ಬಾಟಲಿಗಳು ಸಾಲಾಗಿ ನಿಂತಿದ್ದರೆ ಇಲ್ಲಿ ಎಲ್ಲವೂ ಖಾಲಿ. ತಳ ಕಾಣುವ ಕ್ರೀಮಿನ ಡಬ್ಬಿ, ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬು, ತೊಟ್ಟೂ ಉಳಿಯದ ಎಣ್ಣೆಯ ಸೀಸೆ. ಇದೇನು ಗುಜರಿ ಅಂಗಡಿಯೇ ಎಂದು ಯಾರಾದರೂ ಮೂಗು ಮುರಿದರೆ ಅಕ್ಕನ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

"ತುಂಬಿದ ಡಬ್ಬಿ ಮಾರೋನ ಮಾತು ಹೇಳುತ್ತೆ. ಖಾಲಿ ಡಬ್ಬಿ ಹಚ್ಕೊಂಡೋಳ ಮಾತು ಹೇಳುತ್ತೆ. ನಿಮಗೆ ಯಾರ ಮಾತು ಬೇಕು?"

ಯಾವ ಗಿರಾಕಿ ಬಂದು ಹೊಸ ಕ್ರೀಮನ್ನು ಎಷ್ಟೇ ಹೊಗಳಲಿ, ಅಕ್ಕ ನಂಬುತ್ತಿರಲಿಲ್ಲ. "ಮುಗಿಸಿ, ಡಬ್ಬಿ ತಂದು ತೋರ್ಸಿ. ಆಮೇಲೆ ನಾಲ್ಕು ಜನಕ್ಕೆ ಹೇಳ್ತೀನಿ" ಎನ್ನುತ್ತಿದ್ದಳು. ಹೆಂಗಸರು ಆಸೆಯಿಂದ ಕೊಳ್ಳುತ್ತಾರೆ, ಒಂದಷ್ಟು ದಿನ ಹಚ್ಚುತ್ತಾರೆ, ಆಮೇಲೆ ಡಬ್ಬಿ ಬೀರುವಿನ ಮೂಲೆ ಸೇರುತ್ತದೆ. ಬೆರಳು ಹಾಕಿ ತಳ ಕೆರೆದು ಹಚ್ಚಿಕೊಂಡರೆ ಮಾತ್ರ ಅದು ನಿಜವಾಗಿ ಒಗ್ಗಿದೆ ಎಂದು ಅವಳ ಲೆಕ್ಕ. ಹಾಗೆ ಪರೀಕ್ಷೆಯಲ್ಲಿ ಪಾಸಾದವು ಕೆಲವೇ ಕೆಲವು. ಒಣ ಚರ್ಮಕ್ಕೆ ಗ್ಲಿಸರಿನ್ನು ಮತ್ತು ಪನ್ನೀರು, ಒಡೆದ ಹಿಮ್ಮಡಿಗೆ ರಾತ್ರಿ ಮುಲಾಮು ಹಚ್ಚಿ ಕಾಲುಚೀಲ, ಮೊಡವೆಗೆ "ಕೈ ತೆಗೀರಿ ಮೊದಲು, ಅದನ್ನು ಚಿವುಟಬೇಡಿ." ದುಬಾರಿ ಕ್ರೀಮಿನ ಹೆಸರು ಹೇಳಿದವರಿಗೆ ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂದು ನಕ್ಕು ಕಳಿಸುತ್ತಿದ್ದಳು.

ಇಂಥ ದಾರದಕ್ಕನ ಬಲಗೈ ಒಂದು ದಿನ ನಡುಗತೊಡಗಿತು.

ಮೊದಲು ಗೊತ್ತಾದದ್ದು ಮಗಳಿಗೆ. ಅಮ್ಮನ ಕೈಯ ಲೋಟ ತಟ್ಟೆಗೆ ತಗಲಿ ಟಕಟಕ ಎನ್ನುತ್ತಿತ್ತು. ಡಾಕ್ಟರು ನೋಡಿ, ವಯಸ್ಸಾಯಿತಲ್ಲ, ನರದ ದೌರ್ಬಲ್ಯ, ಮಾತ್ರೆ ತಗೊಳ್ಳಿ, ಸೂಕ್ಷ್ಮ ಕೆಲಸ ಬಿಟ್ಟುಬಿಡಿ ಎಂದರು.

"ಸಾಕಮ್ಮ, ಇನ್ನು ಅಂಗಡಿ ಮುಚ್ಚು. ನಾನು ದುಡೀತಿಲ್ವಾ?" ಎಂದಳು ಮಗಳು.

"ಮುಚ್ಚೋದಕ್ಕೆ ನನಗೇನೂ ಬೇಜಾರಿಲ್ಲ ಕಣೇ. ಆದ್ರೆ ಕೈ ಕೆಟ್ಟೋಯ್ತು ಅಂತ ಅನ್ನಿಸ್ಕೊಂಡು ಮುಚ್ಚಲ್ಲ."

ಅವಳಿಗೆ ಬೇಕಾಗಿದ್ದುದು ಅಷ್ಟೇ. ಹಣವಲ್ಲ, ಸನ್ಮಾನವಲ್ಲ. ಬಾಗಿಲು ಹಾಕಿದ ಮೇಲೂ ಈ ಬೀದಿಯ ಹೆಂಗಸರು ಕನ್ನಡಿ ಮುಂದೆ ನಿಂತಾಗ ಅವಳ ಕೈಗುಣ ದೊಡ್ಡದಿತ್ತು ಎಂದು ನೆನೆಯಬೇಕು. ಒಂದು ಜೀವಮಾನಕ್ಕೆ ಇದೇನೂ ದೊಡ್ಡ ಬೇಡಿಕೆಯಲ್ಲ ಬಿಡಿ.

ಆ ಕೈಗುಣ ಸುಮ್ಮನೆ ಬಂದದ್ದಲ್ಲ. ತಗಡಿನ ಮಾಡಿನ ಒಂದು ಕೋಣೆಯಲ್ಲಿ ಟೀಚರಮ್ಮ ಎಂಬ ಹೆಂಗಸು ಐದಾರು ಹುಡುಗಿಯರಿಗೆ ದಾರದಿಂದ ಹುಬ್ಬು ತೀಡುವ ಕೆಲಸ ಕಲಿಸುತ್ತಿದ್ದ ಕಾಲವದು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳಿಗೆ ಸುತ್ತಿ, ನಡುವೆ ತಿರುಚು ಹಾಕಿ, ಮೊದಲು ತಮ್ಮ ತಮ್ಮ ಮೊಣಕಾಲಿನ ಕೆಳಗೇ ಕೂದಲು ಕಿತ್ತುಕೊಳ್ಳಬೇಕು. ಕಾಲು ನುಣ್ಣಗಾದ ಮೇಲೆ ಪಕ್ಕದವಳ ಕಾಲು. ದಾರದಕ್ಕನ ಪಕ್ಕ ಕೂರುತ್ತಿದ್ದವಳು ಒಬ್ಬ ಜಗಳಗಂಟಿ ಹುಡುಗಿ. "ನನ್ನ ಕಾಲು ಮುಗಿದಿಲ್ಲ, ನಿನ್ನದು ನೀನೇ ನೋಡ್ಕೋ" ಎಂದು ಲಂಗ ಎಳೆದುಕೊಳ್ಳುತ್ತಿದ್ದಳು.

ಟೀಚರಮ್ಮನ ಕಟ್ಟಪ್ಪಣೆ ಒಂದಿತ್ತು. ಈ ಕಸುಬಿನಲ್ಲಿ ದಾರ ಜಾರಿ ಹುಬ್ಬು ಕೆಟ್ಟರೆ ಎಲ್ಲರೂ ಹೇಳುವ ಒಂದು ಸುಳ್ಳಿದೆ: "ನೀವೇ ಅಲುಗಾಡಿದ್ರಿ." ಟೀಚರಮ್ಮ ಅದನ್ನು ಕೇಳಿದರೆ ಕೆಂಡವಾಗುತ್ತಿದ್ದಳು. "ಮುಖವನ್ನೇ ನಿಮ್ಮ ಕೈಗೆ ಕೊಟ್ಟು ಕಣ್ಣು ಮುಚ್ಚಿರ್ತಾರೆ. ತಪ್ಪು ಅವರ ತಲೆಗೆ ಕಟ್ಟೋದು ಬೇಡ. ನನ್ನ ಕೈ ಅಲುಗಾಡಿತು ಅನ್ನಿ." ದಾರದಕ್ಕ ಈ ಮಾತನ್ನು ಕೊನೆಯತನಕ ಪಾಲಿಸಿದಳು.

ಕಲಿತದ್ದು ಮುಗಿದು, ಮದುವೆಯಾಗಿ, ಮಗಳು ಹುಟ್ಟಿ, ಕೊನೆಗೆ ಗಡಿಯಾರ ರಿಪೇರಿಯವನ ಅಂಗಡಿಯ ಪಕ್ಕ ಒಂದು ಕೋಣೆ ಸಿಕ್ಕಿತು. ಕ್ಷೌರದಂಗಡಿಯಿಂದ ಹಳೆಯ ಹಿಂದೊರಗುವ ಕುರ್ಚಿ ತಂದಳು, ಅಂಚು ಕಪ್ಪಾದ ಕನ್ನಡಿ ತೂಗುಹಾಕಿದಳು. ಕೊರಳಲ್ಲಿ ಸದಾ ದಾರ ಜೋಲಾಡುತ್ತಿದ್ದರಿಂದ ದಾರದಕ್ಕ ಎಂಬ ಹೆಸರು ಬಂತು. ಅಂಗಡಿ ಇಟ್ಟ ಸ್ವಲ್ಪ ದಿನಕ್ಕೇ ಎದುರಿನ ಕೋಣೆಯಲ್ಲಿ ಇನ್ನೊಂದು ಪಾರ್ಲರಿನ ಬೋರ್ಡು ಏರಿತು. ಏಣಿಯ ಮೇಲೆ ನಿಂತು ಮೊಳೆ ಹೊಡೆಯುತ್ತಿದ್ದವಳು ತಿರುಗಿ ನೋಡಿದಳು. ಅದೇ ಜಗಳಗಂಟಿ.

ಅಲ್ಲಿಂದ ಶುರುವಾಯಿತು ಎಣ್ಣೆ ಸೀಗೆಕಾಯಿ ಸಂಬಂಧ. ದಾರದಕ್ಕ ಹುಬ್ಬನ್ನು ಬಿಲ್ಲಿನಂತೆ ಮೇಲೆ ಬಾಗಿಸುವವಳು. ಎದುರಂಗಡಿಯವಳು ನೇರಕ್ಕೆ, ದಪ್ಪಗೆ ಬಿಡುವವಳು. "ಅಲ್ಲಿ ಮಾಡಿಸ್ಕೊಂಡ್ರೆ ಸದಾ ಸಿಟ್ಟು ಬಂದ ಹಾಗೆ ಕಾಣ್ತೀರಿ" ಎಂದು ಇವಳು. "ಅಲ್ಲಿ ಮಾಡಿಸ್ಕೊಂಡ್ರೆ ಸದಾ ಬೆಚ್ಚಿಬಿದ್ದ ಹಾಗೆ ಕಾಣ್ತೀರಿ" ಎಂದು ಅವಳು. ಬೀದಿಯ ಹೆಂಗಸರು ಎರಡು ಪಕ್ಷವಾದರು. ಹುಬ್ಬು ನೋಡಿಯೇ ಯಾವ ಪಕ್ಷ ಎಂದು ಹೇಳಬಹುದಿತ್ತು.

ಆಗ ನಡೆದದ್ದು ಪೋಸ್ಟಾಫೀಸಿನ ಮೇಡಂ ಪ್ರಸಂಗ. ಸ್ಟಾಂಪಿನ ಕಿಟಕಿಯ ಹಿಂದೆ ಕೂರುವ ಈ ಮೇಡಂ ಒಂದು ಸಂಜೆ ದಾರದಕ್ಕನ ಕುರ್ಚಿಯಲ್ಲಿ ಒರಗಿದ್ದಾಗ, ಒಂದು ಹುಬ್ಬು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕಾದು ಕಾದು ಬೇಸತ್ತ ಮೇಡಂ ಎದುರಂಗಡಿಯಲ್ಲಿ ಗ್ಯಾಸ್ ದೀಪ ಉರಿಯುವುದನ್ನು ಕಂಡು ರಸ್ತೆ ದಾಟಿಬಿಟ್ಟರು. ಅಲ್ಲಿ ಇನ್ನೊಂದು ಹುಬ್ಬು ಆಯಿತು. ಮರುದಿನ ಸ್ಟಾಂಪು ಕೊಳ್ಳಲು ಬಂದವರಿಗೆ ತಬ್ಬಿಬ್ಬು: ಮೇಡಂ ಒಂದು ಕಣ್ಣಲ್ಲಿ ಬೆರಗಾಗಿದ್ದಾರೆ, ಇನ್ನೊಂದರಲ್ಲಿ ಗದರುತ್ತಿದ್ದಾರೆ!

ಮೇಡಂ ಓಡಿಬಂದರು. ದಾರದಕ್ಕ ಎದುರಿನವಳು ಮಾಡಿದ ಹುಬ್ಬನ್ನು ತಾನು ಮಾಡಿದ್ದಕ್ಕೆ ಹೊಂದಿಸಿದಳು. ಅದನ್ನು ರಸ್ತೆಯಲ್ಲಿ ಕಂಡ ಎದುರಂಗಡಿಯವಳು, ನನ್ನ ಕೆಲಸ ಕೆಡಿಸಿದಳಲ್ಲಾ ಎಂದು ಮೇಡಮ್ಮನ್ನು ಒಳಗೆ ಎಳೆದುಕೊಂಡು ಎರಡನ್ನೂ ನೇರ ಮಾಡಿದಳು. ದಾರದಕ್ಕ ಬಿಟ್ಟಾಳೆಯೇ? ಇವಳು ಸರಿ ಮಾಡಿ, ಅವಳು ಸರಿ ಮಾಡಿ, ಕೊನೆಗೆ ಮೇಡಮ್ಮಿನ ಹಣೆಯ ಕೆಳಗೆ ಇರುವೆ ಸಾಲಿನಷ್ಟೂ ಉಳಿಯಲಿಲ್ಲ. ಇಬ್ಬರೂ ಜಗಳಕ್ಕೆಂದು ಬೀದಿಗಿಳಿದರು. ನಡುವೆ ನಿಂತಿದ್ದ ಹುಬ್ಬಿಲ್ಲದ ಮುಖ ನೋಡಿ ಮೊದಲು ನಗು ಬಂತು, ಆಮೇಲೆ ಮೇಡಂ ಅತ್ತದ್ದು ನೋಡಿ ನಾಚಿಕೆಯಾಯಿತು.

ಕೂದಲು ಮತ್ತೆ ಬೆಳೆಯುವ ತನಕ ದಿನಾ ಬೆಳಿಗ್ಗೆ ಇಬ್ಬರೂ ಪೆನ್ಸಿಲು ಹಿಡಿದು ಮೇಡಮ್ಮಿನ ಮನೆಗೆ ಹೋದರು. ಎಡಗಡೆ ಒಬ್ಬಳು, ಬಲಗಡೆ ಒಬ್ಬಳು. ಮೊದಮೊದಲು ಇಬ್ಬರ ಬಾಯಿಗೂ ಬೀಗ.

"ನೀವಿಬ್ರೂ ಸ್ವಲ್ಪ ಮಾತಾಡ್ಕೊಳ್ರಮ್ಮ. ಇಲ್ದಿದ್ರೆ ನನ್ನ ಮುಖ ಒಂದಾಗಲ್ಲ" ಎಂದರು ಮೇಡಂ.

ಮಾತಾಡಿಕೊಂಡರು. ಮಾತಾಡಿಕೊಂಡದ್ದೇ ತಡ, ಇಬ್ಬರಿಗೂ ಒಂದೇ ಕಷ್ಟವಿದೆ ಎಂದು ತಿಳಿಯಿತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ; ಈ ಕಸುಬಿನವರಿಗೆ ತಮ್ಮ ಹುಬ್ಬು ತಮ್ಮ ಕೈಗೆ ಒದಗದು. ಎರಡು ಕೈಯೂ ದಾರಕ್ಕೇ ಬೇಕು, ಚರ್ಮ ಎಳೆದು ಹಿಡಿಯಲು ಇನ್ನೆರಡು ಕೈ ಎಲ್ಲಿಂದ ತರುವುದು? ಅವತ್ತಿನಿಂದ ಅಂಗಡಿಗಳಿಗೆ ರಜೆಯಿರುವ ಮಂಗಳವಾರ ಮಧ್ಯಾಹ್ನ ಎದುರಂಗಡಿಯವಳು ತಲೆ ಮೇಲೆ ಸೆರಗು ಹೊದ್ದು ಹಿಂದಿನ ಓಣಿಯಿಂದ ಬರುತ್ತಿದ್ದಳು. ಒಂದು ವಾರ ಇವಳದು, ಒಂದು ವಾರ ಅವಳದು; ಇವಳಿಗೆ ಬಿಲ್ಲಿನಂತೆ, ಅವಳಿಗೆ ನೇರಕ್ಕೆ. ಇದು ಬೀದಿಗೆ ಗೊತ್ತಾಗಬಾರದು, ಗಿರಾಕಿಗಳ ಮುಂದೆ ಒಬ್ಬರನ್ನೊಬ್ಬರು ಹೊಗಳಬಾರದು ಎಂದು ಒಪ್ಪಂದ. ಜಗಳದಿಂದ ಇಬ್ಬರ ವ್ಯಾಪಾರವೂ ಚೆನ್ನಾಗಿತ್ತು, ಕೆಡಿಸುವುದೇಕೆ? ಎಣ್ಣೆಯೂ ಸೀಗೆಕಾಯಿಯೂ ಕೊನೆಗೆ ಸೇರುವುದು ಒಂದೇ ತಲೆಗೆ ಎಂದು ಬೀದಿಗೆ ಹೊಳೆಯಲೇ ಇಲ್ಲ.

ಎಂಥ ಮಧ್ಯಾಹ್ನಗಳು ಅವು! ಮುಂದಿನ ಶಟರು ಇಳಿದಿರುತ್ತಿತ್ತು, ಪಕ್ಕದಿಂದ ಗಡಿಯಾರಗಳ ಟಿಕ್ ಟಿಕ್ ಕೇಳುತ್ತಿತ್ತು. ಯಾವ ಶಾಂಪೂ ನೊರೆ ಮಾತ್ರ, ಯಾವ ಹೇರ್ ಡೈ ಹಚ್ಚಿದರೆ ಕಿವಿಯ ಹಿಂದೆ ಕೆರೆತ, ಯಾವ ಪೌಡರು ಬೆವರಿಗೆ ಹಿಟ್ಟಾಗುತ್ತದೆ, ಎಲ್ಲ ಅಲ್ಲೇ ತೀರ್ಮಾನ. ಎದುರಂಗಡಿಯವಳು ತನ್ನ ಗಿರಾಕಿಗಳ ಖಾಲಿ ಡಬ್ಬಿಗಳನ್ನು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ದಾರದಕ್ಕನ ಕಪಾಟಿನ ಅರ್ಧ ತುಂಬಿದ್ದು ಹಾಗೆ. ಹುಬ್ಬು ಮಾಡುವವಳ ಬಾಯಲ್ಲಿ ದಾರ, ಮಾಡಿಸಿಕೊಳ್ಳುವವಳ ಕಣ್ಣಲ್ಲಿ ನೀರು, ಅದು ಈ ಕೆಲಸದ ಗುಣ. ಹಾಗಾಗಿ ಅಳುವುದಿದ್ದರೆ ಆ ಕುರ್ಚಿ ಒಳ್ಳೆಯ ಜಾಗ. ಗಂಡ ತೀರಿಕೊಂಡ ತಿಂಗಳಲ್ಲಿ ದಾರದಕ್ಕ ಆ ಕುರ್ಚಿಯಲ್ಲೇ ಮನಸಾರೆ ಅತ್ತಳು. ಎದುರಂಗಡಿಯವಳು ಮುಗಿದ ಹುಬ್ಬನ್ನೇ ಮತ್ತೆ ಮತ್ತೆ, ಒಂದೂ ಕೂದಲು ಕೀಳದೆ, ಬರಿಯ ದಾರ ಆಡಿಸುತ್ತ ನಿಂತಿದ್ದಳು.

ಕೈ ನಡುಗಲು ಶುರುವಾದ ಮೇಲೆ ದಾರದಕ್ಕ ಅದನ್ನು ಅವಳಿಗೂ ಹೇಳಲಿಲ್ಲ. ಅವಳಿಗೆ ಹುಬ್ಬು ಮಾಡುವ ಸರದಿ ಬಂದಾಗ ತಲೆನೋವು, ನೆಂಟರು ಎಂದು ನೆಪ ಹೂಡಿದಳು. ಅಷ್ಟರಲ್ಲಿ ಒಬ್ಬ ಕಾಲೇಜು ಹುಡುಗಿಯ ಹುಬ್ಬಿನ ತುದಿ ಹಾರಿಹೋಯಿತು. "ನನ್ನ ಕೈ ಅಲುಗಾಡಿತು ಮಗಳೇ, ತಪ್ಪಾಯ್ತು" ಎಂದಳು. ಹುಡುಗಿ ಒಳ್ಳೆಯವಳು, ಪರವಾಗಿಲ್ಲ ಆಂಟಿ ಎಂದು ನಕ್ಕಳು. ಆದರೆ ಹೊರಗೆ ಹೋದವಳು ನೇರ ರಸ್ತೆ ದಾಟಿ ಎದುರಂಗಡಿಯ ಮೆಟ್ಟಿಲು ಹತ್ತಿದ್ದನ್ನು ದಾರದಕ್ಕ ಪರದೆಯ ಸಂದಿಯಿಂದ ನೋಡಿದಳು. ಇನ್ನೇನು, ಸುದ್ದಿ ಹಬ್ಬುತ್ತದೆ. ಅವಳು ಶಟರು ಎಳೆದಳು. ಮರುದಿನವೂ, ಅದರ ಮರುದಿನವೂ ತೆಗೆಯಲಿಲ್ಲ.

ಮಂಗಳವಾರ ಮಧ್ಯಾಹ್ನ ಮುಚ್ಚಿದ ಅಂಗಡಿಯೊಳಗೆ ಕೂತಿದ್ದಾಗ ಹಿಂದಿನ ಬಾಗಿಲು ಬಡಿದ ಸದ್ದಾಯಿತು. ಎದುರಂಗಡಿಯವಳು ಸೆರಗು ಸರಿಸುತ್ತ ಒಳಗೆ ಬಂದವಳೇ ಕುರ್ಚಿಯಲ್ಲಿ ಒರಗಿದಳು. ಹುಬ್ಬು ಕಾಡು ಬೆಳೆದಿತ್ತು.

"ಎಷ್ಟು ದಿನ ಕಾಯಿಸ್ತೀಯೇ? ಈ ಸಲ ನನ್ನ ಸರದಿ. ಮಾಡು."

"ಆಗಲ್ಲ ಕಣೇ. ನೋಡು ಇಲ್ಲಿ." ದಾರದಕ್ಕ ಕೈ ಮುಂದೆ ಚಾಚಿದಳು. ಬೆರಳುಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು.

"ಆ ಹುಡುಗಿಯ ಹುಬ್ಬು ನೋಡಿದಾಗ್ಲೇ ಗೊತ್ತಾಯ್ತು. ಅದಕ್ಕೇನೀಗ? ಕೂದಲು ತಾನೇ, ಬೆಳೆಯುತ್ತೆ. ಮಾಡು."

"ಬೀದಿ ತುಂಬ ನಗ್ತಾರೆ ನಿನ್ನ ನೋಡಿ."

"ನಗ್ಲಿ. ನೀನು ದಾರ ಕಚ್ಚು, ಬಾಯಿ ಮುಚ್ಚುತ್ತೆ."

ದಾರದಕ್ಕ ದಾರ ಕಚ್ಚಿದಳು. ಎದುರಂಗಡಿಯವಳು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ರೆಪ್ಪೆ, ಇನ್ನೊಂದರಲ್ಲಿ ಹಣೆ ಬಿಗಿಯಾಗಿ ಎಳೆದು ಹಿಡಿದಳು. ಎಡಗಡೆ ಹೇಗೋ ಆಯಿತು, ಹಳೆಯ ದಿನಗಳಷ್ಟೇ ಚೆಂದ ಆಯಿತು. ಬಲಗಡೆಯ ನಡುವಿನಲ್ಲಿ ಕೈ ಕೊಟ್ಟಿತು. ದಾರ ಜಾರಿ ಒಂದು ಬೆರಳಗಲ ಬೋಳಾಯಿತು. ದಾರದಕ್ಕ ದಾರ ಉಗಿದಳು.

"ನನ್ನ ಕೈ ಅಲುಗಾಡಿತು" ಎಂದಳು.

ಎದುರಂಗಡಿಯವಳು ಅಂಚು ಕಪ್ಪಾದ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಕಣ್ಣಲ್ಲಿ ನೀರಿತ್ತು, ಕೆಲಸದ್ದೋ ಬೇರೆಯದೋ ಹೇಳಲಾಗದು. "ಚೆನ್ನಾಗಿದೆ" ಎಂದಳು, ಸೆರಗು ಹೊದ್ದು ಹೊರಟುಹೋದಳು. ಪೆನ್ಸಿಲು ಕೊಡಲು ಹೋದರೆ ತಿರುಗಿಯೂ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ದಾರದಕ್ಕ ಅಂಗಡಿ ಬಿಡಲೆಂದೇ ಕಪಾಟು ಖಾಲಿ ಮಾಡಲು ಬಂದಳು, ಮಗಳೂ ಜೊತೆಗಿದ್ದಳು. ಖಾಲಿ ಡಬ್ಬಿಗಳ ಕಪಾಟನ್ನು ಖಾಲಿ ಮಾಡುವುದೆಂದರೇನು ಎಂದು ಮಗಳು ನಗಿಸಲು ನೋಡಿದಳು. ಅಕ್ಕ ನಗಲಿಲ್ಲ. ಅರ್ಧ ಎತ್ತಿದ ಶಟರಿನ ಹಿಂದೆ, ಪರದೆಯ ಸಂದಿಯಿಂದ ಎದುರಿಗೆ ನೋಡುತ್ತಿದ್ದಳು. ಎದುರಂಗಡಿಯವಳು ಮೆಟ್ಟಿಲ ಮೇಲೆ, ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಪೆನ್ಸಿಲು ಎಳೆದಿರಲಿಲ್ಲ. ಬೋಳು ಜಾಗ ರಸ್ತೆಯ ಈ ಕಡೆಗೂ ಕಾಣುತ್ತಿತ್ತು.

ಮೂರು ನಾಲ್ಕು ಜನ ಗಿರಾಕಿಗಳು ಸುತ್ತ ಸೇರಿದ್ದರು. ಆ ಕಾಲೇಜು ಹುಡುಗಿಯೂ ಇದ್ದಳು.

"ಅಯ್ಯೋ, ಇದೇನಕ್ಕಾ ನಿಮ್ಮ ಹುಬ್ಬು! ಯಾರ ಹತ್ರ ಮಾಡಿಸಿದ್ರಿ?"

ಎದುರಂಗಡಿಯವಳು ಇಡೀ ಬೀದಿಗೆ ಕೇಳುವ ಹಾಗೆ ದನಿ ಎತ್ತಿದಳು.

"ಇನ್ಯಾರ ಹತ್ರ? ದಾರದಕ್ಕನ ಹತ್ರ. ಎಷ್ಟೋ ವರ್ಷದಿಂದ ನನ್ನ ಹುಬ್ಬು ಮಾಡ್ತಿರೋದು ಅವಳೇ. ನೀವೆಲ್ಲ ನನ್ನ ಹುಬ್ಬು ನೋಡಿ ತಾನೇ ನನ್ನ ಅಂಗಡಿಗೆ ಬಂದಿದ್ದು? ಆ ಕೈಗುಣ ಈ ಬೀದೀಲಿ ಇನ್ನೊಬ್ಬಳಿಗೆ ಇಲ್ಲ, ನನಗೂ ಇಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಕಾಲೇಜು ಹುಡುಗಿ ಮೆಲ್ಲಗೆ, "ಮತ್ತೆ ಬಲಗಡೆ..." ಎಂದಳು.

"ಅದಾ? ಅದು ಅವಳ ತಪ್ಪಲ್ಲ" ಎಂದಳು ಎದುರಂಗಡಿಯವಳು. "ನಾನೇ ಅಲುಗಾಡಿದೆ."

ಪರದೆಯ ಹಿಂದೆ ದಾರದಕ್ಕ ಅಳುತ್ತಿದ್ದಳು. ಬಾಯಲ್ಲಿ ದಾರವಿರಲಿಲ್ಲ, ಕುರ್ಚಿಯಲ್ಲೂ ಇರಲಿಲ್ಲ, ಹಾಗಾಗಿ ಮಗಳಿಗೆ ಗೊತ್ತಾಗಿಬಿಟ್ಟಿತು. ಅಕ್ಕ ಕಣ್ಣೊರೆಸಿಕೊಂಡು ಕಪಾಟಿನ ಮೇಲಿದ್ದ ಹುಬ್ಬಿನ ಪೆನ್ಸಿಲು ತೆಗೆದುಕೊಂಡಳು, ಮುಂದಿನ ಶಟರನ್ನು ಪೂರ್ತಿ ಮೇಲೆತ್ತಿಸಿದಳು, ಎಲ್ಲರೂ ನೋಡುತ್ತಿರುವಂತೆ ರಸ್ತೆ ದಾಟಿದಳು.