ಬೆನ್ನಿಗೊಬ್ಬರು, ತಲೆಗೊಬ್ಬರು

ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಚಿಕ್ಕ ಡಾಕ್ಟ್ರು’ ಎಂದೇ. ಆಳು ಕುಳ್ಳಗೆ, ಕೆಲಸಕ್ಕೆ ಬಂದಾಗ ವಯಸ್ಸೂ ಚಿಕ್ಕದು. ಆಮೇಲೆ ತಲೆ ನರೆತರೂ ಹೆಸರು ಮಾತ್ರ ದೊಡ್ಡದಾಗಲಿಲ್ಲ. ಬೇರೆ ಊರಿನಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು ಅವಳು ಇಲ್ಲಿಗೇ ಯಾಕೆ ಬಂದಳೆಂಬುದು ಕೆಲವರಿಗಷ್ಟೇ ಗೊತ್ತಿತ್ತು. ಅವಳ ಅಣ್ಣ ಇಲ್ಲಿಯ ರೋಗಿಯಾಗಿದ್ದ.

ಅಣ್ಣ ಸೈನ್ಯದಲ್ಲಿ ಗಾಡಿಗಳ ಮೆಕ್ಯಾನಿಕ್. ಸ್ಫೋಟಕ್ಕೆ ಸಿಕ್ಕಿದ ಲಾರಿಯಿಂದ ಅವನನ್ನು ಜೀವಂತವಾಗಿ ಎಳೆದು ತೆಗೆದರು. ಪಕ್ಕದಲ್ಲಿ ಕೂತಿದ್ದ ಗೆಳೆಯ ಉಳಿಯಲಿಲ್ಲ. ಮನೆಗೆ ಬಂದವನಿಗೆ ಬೆನ್ನು ಬಗ್ಗುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಆಸ್ಪತ್ರೆಯ ಕೆಳಮಹಡಿಯ ಡಾಕ್ಟರು ಬೆನ್ನುನೋವಿಗೆ ಬಲವಾದ ಮಾತ್ರೆ ಬರೆದುಕೊಟ್ಟರು. ಮೇಲಿನ ಮಹಡಿಯವರು ಗಾಬರಿಗೂ ನಿದ್ದೆಗೂ ಇನ್ನೊಂದು ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಲಿಲ್ಲ.

“ನನ್ನ ಬೆನ್ನಿಗೂ ತಲೆಗೂ ಮಾತು ಬಿಟ್ಟಿದೆ ಪುಟ್ಟಿ. ಒಂದೊಂದು ಮಹಡೀಲಿ ಒಂದೊಂದು ಸಂಸಾರ ಹೂಡಿದಾವೆ,” ಎಂದು ಅಣ್ಣ ಫೋನಿನಲ್ಲಿ ನಗುತ್ತಿದ್ದ. ಮಾತ್ರೆಯ ಹೆಸರು ಕೇಳಿದರೆ, “ನಿನ್ನ ಡಾಕ್ಟರಿಕೆ ನಿನ್ನ ಆಸ್ಪತ್ರೇಲೇ ಇಟ್ಕೋ,” ಎಂದು ಮಾತು ಮರೆಸುತ್ತಿದ್ದ.

ಒಂದು ಬೆಳಿಗ್ಗೆ ಅಮ್ಮ ಕಾಫಿ ಹಿಡಿದುಕೊಂಡು ಎಬ್ಬಿಸಲು ಹೋದಳು. ಅವನು ಏಳಲಿಲ್ಲ. ಎರಡೂ ಮಾತ್ರೆ ಸೇರಿ ನಿದ್ದೆಯಲ್ಲೇ ಉಸಿರು ನಿಲ್ಲಿಸಿಬಿಟ್ಟಿದ್ದವು. ಡಾಕ್ಟರು ಹೇಳಿದ್ದಕ್ಕಿಂತ ಒಂದು ಮಾತ್ರೆಯನ್ನೂ ಅವನು ಹೆಚ್ಚು ನುಂಗಿರಲಿಲ್ಲ.

ಆಮೇಲೆಯೇ ಅವಳು ಈ ಆಸ್ಪತ್ರೆ ಸೇರಿದ್ದು. ಸಾವಿರಾರು ರೋಗಿಗಳ ಚಿಕಿತ್ಸೆಯನ್ನು ಅಳೆದು ನೋಡಿ, ಯಾವುದು ಉಪಕಾರ, ಯಾವುದು ಅಪಾಯ ಎಂದು ಪುರಾವೆ ಸಮೇತ ತಜ್ಞರು ಬರೆದಿಟ್ಟ ಮಾರ್ಗಸೂಚಿಗಳಿದ್ದವು. ಈ ಎರಡು ಬಗೆಯ ಮಾತ್ರೆ ಜೊತೆಗೆ ಬೇಡ. ಆಗಲೇ ತೆಗೆದುಕೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿ. ಯುದ್ಧದ ಕೆಟ್ಟ ಕನಸಿಗೆ ಮೊದಲು ನುರಿತವರ ಹತ್ತಿರ ಮಾತಾಡಿಸಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಇದೆಲ್ಲ ಇಲ್ಲಿ ನಡೆಯಬೇಕೆಂದು ಅವಳು ಪಟ್ಟು ಹಿಡಿದು ಒಂದು ಸಭೆ ಕರೆಸಿದಳು.

ಮುಖ್ಯಸ್ಥರಾದ ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟು ವರ್ಷ ಕೈ ಪಳಗಿರೋನು ನಾನು. ಇನ್ಮೇಲೆ ಪುಸ್ತಕ ನೋಡ್ಕೊಂಡು ಔಷಧಿ ಬರೀಬೇಕಾ?”

“ಬರಿಯೋರು ನೀವೇ ಸರ್. ಪುಸ್ತಕ ಪಕ್ಕದಲ್ಲಿ ನಿಂತು ಎಚ್ಚರಿಸತ್ತೆ, ಅಷ್ಟೇ.”

ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, “ಇದೇನು ಹೊಸದಲ್ಲಮ್ಮ. ನಾವು ಈ ಕಟ್ಟಡಕ್ಕೆ ಬಂದ ವರ್ಷಾನೇ ಈ ಪುಸ್ತಕ ಬಂದಿತ್ತು. ಎಲ್ಲರ ಮೇಜಿಗೂ ಒಂದೊಂದು ಕಳಿಸಿದ್ರು. ಹೊರಗೆ ಅಷ್ಟು ಜನ ಕಾಯ್ತಿರೋವಾಗ ಯಾರು ಓದ್ತಾರೆ ಹೇಳು?” ಎಂದರು.

ಅಣ್ಣ ಮೊದಲ ಸಲ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದರ ಮರುವರ್ಷ. ಅವಳು ಹೇಗೋ ಸಭೆ ಮುಗಿಸಿದಳು. ಮಾರ್ಗಸೂಚಿಯಂತೆ ನಡೆಯಲು ಎಲ್ಲರೂ ಒಪ್ಪಿದರು. ಗೆದ್ದ ಸಂತೋಷ ಮಾತ್ರ ಹತ್ತಿರ ಸುಳಿಯಲಿಲ್ಲ.

ಮನೆಯಲ್ಲಿ ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದಳು. ಸಭೆಯ ವಿಷಯ ಕೇಳಿ ನಿಟ್ಟುಸಿರು ಬಿಟ್ಟಳು. “ಹೋಗ್ಲಿ, ಇನ್ನೊಬ್ಬರ ಮನೆ ಮಗನಾದ್ರೂ ಉಳೀತಾನೆ. ನಮ್ಮವನಿದ್ದಾಗ ಪಾಪ, ಇದೆಲ್ಲ ಯಾರಿಗೂ ಗೊತ್ತಿರ್ಲಿಲ್ಲ.”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವಳ ಬಾಯಿಗೆ ಅದು ಬರಲಿಲ್ಲ.

“ಗೊತ್ತಿತ್ತಮ್ಮ. ಬರೆದೂ ಇಟ್ಟಿದ್ರು. ಯಾರೂ ಓದಿರ್ಲಿಲ್ಲ.”

ಅಮ್ಮ ಮಡಿಸಿದ ಟವೆಲನ್ನು ಬಿಚ್ಚಿದಳು, ಮತ್ತೆ ಮಡಿಸಿದಳು. “ದೇವರಿಟ್ಟ ಹಾಗೆ ಆಯ್ತು ಅಂದ್ಕೊಂಡು ಹೇಗೋ ಇದ್ದೆ. ಅದನ್ನೂ ಕಿತ್ಕೊಂಡ್ಯಲ್ಲೇ.”

ಅಂದಿನಿಂದ ಅಮ್ಮ ಮಗಳ ಬಿಳಿ ಕೋಟು ಕಂಡರೆ ಮುಖ ತಿರುಗಿಸುತ್ತಿದ್ದಳು. ಮಗಳು ಅದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರತೊಡಗಿದಳು. ಊಟ ಬಡಿಸುವುದು, ಹುಷಾರಿಲ್ಲದಾಗ ಹಣೆ ಮುಟ್ಟುವುದು ಎಲ್ಲ ಮೊದಲಿನಂತೆಯೇ ಇತ್ತು. ಆಸ್ಪತ್ರೆಯ ಮಾತು ಮಾತ್ರ ಆ ಮನೆಯಲ್ಲಿ ನಿಂತುಹೋಯಿತು.

ಕೆಲಸ ನಿಲ್ಲಲಿಲ್ಲ. ಎರಡೂ ಮಹಡಿಯವರು ಒಂದೇ ಕಂಪ್ಯೂಟರ್ ಪರದೆಯಲ್ಲಿ ರೋಗಿಯ ಎಲ್ಲ ಔಷಧಿ ನೋಡತೊಡಗಿದರು. ಅವಸರಪಟ್ಟು ಮಾತ್ರೆ ನಿಲ್ಲಿಸಿದ ಒಬ್ಬ ಕಿರಿಯ ಡಾಕ್ಟರಿಗೆ ಅವಳು ಚೆನ್ನಾಗಿ ಬೈದಳು. ನಿದ್ದೆಯಲ್ಲಿ ಉಸಿರು ಕಟ್ಟಿ ಬರುವವರು ಕಡಿಮೆಯಾದರು.

ಒಂದು ದಿನ ಟ್ಯಾಂಕ್ ಓಡಿಸುತ್ತಿದ್ದ ಮುದುಕ ಹೆಂಡತಿಯ ಜೊತೆ ಬಂದ.

“ನಿಮ್ಮಿಂದ ನನ್ನ ನಿದ್ದೆ ಹಾಳಾಯ್ತು ಚಿಕ್ಕ ಡಾಕ್ಟ್ರೇ. ಬೆಳಕು ಹರಿಯೋಕೆ ಮುಂಚೇನೇ ಎಚ್ಚರ. ಇವಳ ಮಾತೆಲ್ಲ ಕಿವಿಗೆ ಬೀಳತ್ತೆ.”

“ಬೀಳ್ಲಿ ಬಿಡಿ,” ಎಂದಳು ಹೆಂಡತಿ. “ಇಷ್ಟು ವರ್ಷ ಗೋಡೆ ಹತ್ರ ಮಾತಾಡಿದ್ದೀನಿ.”

ಚಿಕ್ಕ ಡಾಕ್ಟ್ರು ನಕ್ಕಳು. ಮಾತ್ರೆ ಇನ್ನಷ್ಟು ಇಳಿಸಿ ಬರೆದಳು. ಆಮೇಲೆ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು, “ಸಾಯಬೇಕು ಅನ್ನಿಸತ್ತಾ?”

ಮುದುಕ ಹೆಂಡತಿಯ ಕಡೆ ನೋಡಿದ. “ಅನ್ನಿಸ್ತಿತ್ತು. ಈಗಿಲ್ಲ.” ಹೆಂಡತಿಗೆ ಅದು ಅಂದೇ ಗೊತ್ತಾದದ್ದು. ಅವಳು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ಕರೆದುಕೊಂಡು ಹೋದಳು.

ಬಾಗಿಲು ಮುಚ್ಚಿದ ಮೇಲೆ ಚಿಕ್ಕ ಡಾಕ್ಟ್ರಿಗೆ ಅಳು ತಡೆಯಲಾಗಲಿಲ್ಲ. ಅಣ್ಣನೂ ಹೀಗೆ ಎದುರಿಗೆ ಕೂತು, ನಿದ್ದೆ ಹಾಳಾಯಿತೆಂದು ತನ್ನನ್ನು ಬೈಯಬಹುದಿತ್ತು. ಓಡಿ ಹೋಗಿ ಇದನ್ನೆಲ್ಲ ಅಮ್ಮನಿಗೆ ಹೇಳಬೇಕೆನ್ನಿಸಿತು. ಹೇಳುವ ಹಾಗಿರಲಿಲ್ಲ. ಮುಖ ತೊಳೆದುಕೊಂಡು, ಮುಂದಿನವರನ್ನು ಒಳಗೆ ಕಳಿಸುವಂತೆ ನರ್ಸಿಗೆ ಹೇಳಿದಳು.