ಕೌರೆ ಸುಮ್ಮನೆ ಕೂತದ್ದು

ಕೌರೆಯನ್ನು ಪರದೇಶದ ಸಭೆಗೆ ಕಳಿಸಿದ್ದು ಅವನು ಮಹಾ ಮೇಧಾವಿ ಎಂದಲ್ಲ. ಹೋಗಬೇಕಿದ್ದ ಹಿರಿಯ ಅಧಿಕಾರಿ ಜ್ವರ ಹಿಡಿದು ಮಲಗಿದ; ನಮ್ಮ ರಾಜಧಾನಿ ಟಾರಾವಾದ ಕಚೇರಿಯಲ್ಲಿ ಮೀನಿನ ವ್ಯವಹಾರ ಬಲ್ಲ ಇನ್ನೊಬ್ಬನೆಂದರೆ ಇವನೇ. ನಮ್ಮಂಥ ಪುಟ್ಟ ದ್ವೀಪಗಳ ರಾಜತಂತ್ರ ಎಂದರೆ ಇಷ್ಟೇ: ಮೂವತ್ತು ಮೂವತ್ತು ಜನರನ್ನು ಕರೆತಂದ ದೇಶಗಳ ಎದುರು ಒಂದು ಕುರ್ಚಿ, ಎರವಲು ತಂದ ಒಂದು ಕೋಟು.

ನಮ್ಮ ಕಡಲಿಗೆ ಬಂದು ಟ್ಯೂನಾ ಹಿಡಿಯುವ ಪರದೇಶದ ಹಡಗುಗಳು ದಿನಕ್ಕಿಷ್ಟು ಎಂದು ಹಣ ಕಟ್ಟುತ್ತಿದ್ದವು. ಆ ಹಣದಲ್ಲೇ ಹೊರದ್ವೀಪಗಳಿಗೆ ತಿಂಗಳಿಗೊಮ್ಮೆ ಆಸ್ಪತ್ರೆಯ ದೋಣಿ ಹೋಗುತ್ತಿತ್ತು. ಕೌರೆಯ ತಂಗಿ ಅಕೆನೆಟೆ ಆ ದೋಣಿಯನ್ನೇ ನಂಬಿದ್ದಳು. ಮೊದಲ ಹೆರಿಗೆಯಲ್ಲಿ ಸಾವಿನ ಬಾಯಿಂದ ಪಾರಾದವಳು, ಈಗ ಮತ್ತೆ ಮೂರು ತಿಂಗಳ ಬಸುರಿ. ನಮ್ಮ ಗಡಿಯಾಚೆಯ, ಯಾರಿಗೂ ಸೇರದ ಕಡಲಲ್ಲೂ ಬಲೆ ಬೀಸಲು ಬಿಡಿ ಎಂದು ದೊಡ್ಡ ದೇಶಗಳು ಸಭೆಯನ್ನು ಕೇಳಲಿದ್ದವು. ಬಿಟ್ಟರೆ ಅಲ್ಲೇ ಪುಕ್ಕಟೆ ಮೀನು. ನಮಗೆ ಹಣ ಕಟ್ಟುವವರು ಯಾರು? ಒಬ್ಬನೇ ಒಬ್ಬ ಪ್ರತಿನಿಧಿ ಬೇಡ ಎಂದರೂ ಆ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಕೊನೆಯ ದಿನ, ನರೆತ ತಲೆಯ ಅಧ್ಯಕ್ಷ ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದ. ಕೌರೆ ತಲೆ ತಗ್ಗಿಸಿ, ತುಟಿ ಬಿಗಿದು ಕೂತ. ಊರಿನ ಹಿರಿಯರು ಸೇರುವ ಮನೇಬಾದಲ್ಲಿ, ಆ ದೊಡ್ಡ ಸೂರಿನಡಿ, ನರೆತವರಿಗೆ ಎದುರಾಡುವುದುಂಟೇ? ಒಪ್ಪದವನು ಹೀಗೇ ಕೂರುತ್ತಾನೆ. ಹಿರಿಯರು ಅದನ್ನು ಕಂಡು ಮಾತನ್ನು ನಾಳೆಗೆ ಮುಂದೂಡುತ್ತಾರೆ. ಈ ಪರದೇಶದ ಸಭೆಯಲ್ಲಿ ಯಾರೂ ಅವನತ್ತ ನೋಡಲೇ ಇಲ್ಲ. ಅಧ್ಯಕ್ಷ ಸುತ್ತಿಗೆ ಬಡಿದ. ಪಕ್ಕದವನು ನಗುತ್ತ ಕೈ ಕುಲುಕಿದಾಗಲೇ, ತಾನು ಸುಮ್ಮನೆ ಕೂತದ್ದು ಒಪ್ಪಿಗೆಯ ಲೆಕ್ಕಕ್ಕೆ ಹೋಯಿತೆಂದು ಕೌರೆಗೆ ತಿಳಿದದ್ದು. ನಿಯಮ ಓದಿಕೊಂಡೇ ಹೋಗಿದ್ದ. ಹುಟ್ಟಿನಿಂದ ಬಂದ ಅಭ್ಯಾಸ ನಿಯಮವನ್ನು ಮರೆಸಿತ್ತು. ಕೌರೆಯ ಮೇಲೆ ನಮಗೆ ಸಿಟ್ಟು ಬರುತ್ತದೆ ನಿಜ, ಆದರೆ ಅದಕ್ಕಿಂತ ಹೆಚ್ಚು ಆ ಸುತ್ತಿಗೆಯ ಮೇಲೆ.

ಹಡಗುಗಳು ಗಡಿಯಾಚೆಗೆ ಸರಿದವು. ಐದು ತಿಂಗಳಲ್ಲಿ ಆಸ್ಪತ್ರೆಯ ದೋಣಿ ನಿಂತಿತು. ಅಕೆನೆಟೆ ಎರಡು ದಿನ ನೋವು ತಿಂದು, ಮಗುವಿನೊಡನೆ ಹೋಗಿಬಿಟ್ಟಳು.

ಸುದ್ದಿ ತಿಳಿದ ಕೌರೆ ಟಾರಾವಾದಿಂದ ಊರಿಗೆ ಬಂದು, ಮನೇಬಾದಲ್ಲಿ ಚಾಪೆಯ ಮೇಲೆ ಕೂತು, ಸಭೆಯಲ್ಲಿ ನಡೆದದ್ದೆಲ್ಲವನ್ನೂ ಹೇಳಿದ. ತಂಗಿಯ ಗಂಡ ಬ್ವೇರೆ ಕೇಳಿದ್ದು ಒಂದೇ ಮಾತು.

"ಬೇಡ ಅನ್ನೋಕೆ ಎಷ್ಟೊತ್ತು ಬೇಕಿತ್ತು, ಭಾವ?"

"ಇಲ್ಲಿ ಕೂತ ಹಾಗೇ ಅಲ್ಲೂ ಕೂತಿದ್ದೆ ಕಣೋ. ಅವ್ರಿಗೆ ತಿಳಿಯುತ್ತೆ ಅನ್ಕೊಂಡೆ."

ಆಮೇಲೆ ಕೌರೆ ಕ್ಷಮೆ ಕೇಳಿದ. ಹಿರಿಯರು ಬ್ವೇರೆಯತ್ತ ನೋಡಿದರು. ಬ್ವೇರೆ ತಲೆ ತಗ್ಗಿಸಿ, ತುಟಿ ಬಿಗಿದು ಕೂತ. ಹಿರಿಯರು ಮಾತನ್ನು ನಾಳೆಗೆ ಮುಂದೂಡಿದರು. ಹನ್ನೊಂದು ವರ್ಷವಾಯಿತು, ಇನ್ನೂ ಮುಂದೂಡುತ್ತಲೇ ಇದ್ದಾರೆ.